ಮನಸ್ಸು ಮುಟ್ಟುವ ವೈಜ್ಞಾನಿಕ ಪ್ರೇಮ ಕಾದಂಬರಿ ಬರೆಯುವುದು ಹೇಗೆ? ಮೊದಲ ಯೋಚನೆಯಿಂದ ಕೊನೆಯ ತಿದ್ದುಪಡಿಯವರೆಗೆ ಸಮಗ್ರ ಮಾರ್ಗದರ್ಶಿ

ಪ್ರೀತಿಯ ಕಥೆಗೆ ರಾಕೆಟ್ ಯಾಕೆ ಬೇಕು? ಈ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಕಾದಂಬರಿ ಮೂವತ್ತನೇ ಪುಟ ದಾಟುವುದು ಕಷ್ಟ. ಕೆಲವರು ಮಾಮೂಲಿ ಪ್ರೇಮಕಥೆ ಬರೆದು ಹಿಂದೆ ಒಂದು ಬಾಹ್ಯಾಕಾಶ ನಿಲ್ದಾಣ ಅಂಟಿಸುತ್ತಾರೆ. ಇನ್ನು ಕೆಲವರು ಯಂತ್ರಗಳ ಬಗ್ಗೆಯೇ ಬರೆಯುತ್ತಾ ಹೋಗಿ, ಕೊನೆಗೆ ನೆನಪಾಗಿ ಇಬ್ಬರನ್ನು ಪ್ರೀತಿಸಲು ಬಿಡುತ್ತಾರೆ. ಎರಡನ್ನು ಓದಿದಾಗಲೂ ಮನಸ್ಸು ಕರಗುವುದಿಲ್ಲ.

ನನ್ನ ನಂಬಿಕೆ ಇಷ್ಟು. ಇಂಥ ಕಾದಂಬರಿಯಲ್ಲಿ ವಿಜ್ಞಾನದ ಕೆಲಸ ಇಬ್ಬರನ್ನು ದೂರ ಇಡುವುದು. ಹತ್ತಿರ ಬರುವ ಕೆಲಸವನ್ನು ಆ ಇಬ್ಬರೇ ಮಾಡಬೇಕು, ತಮಗೆ ತೋಚಿದ ಸಣ್ಣ ಸಣ್ಣ ಉಪಾಯಗಳಿಂದ. ಆ ಉಪಾಯಗಳಲ್ಲೇ ಓದುಗರಿಗೆ ಪ್ರೀತಿ ಕಾಣುತ್ತದೆ. ಕೆಳಗಿನ ಎಲ್ಲ ಹಂತಗಳೂ ಈ ಮಾತಿನ ಮೇಲೆ ನಿಂತಿವೆ. ಸುಮ್ನೆ ಹೇಳುತ್ತಾ ಹೋದರೆ ಉಪಯೋಗವಿಲ್ಲ, ಹಾಗಾಗಿ ಒಂದು ಕಾಲ್ಪನಿಕ ಕಾದಂಬರಿಯನ್ನು ಕೈಗೆತ್ತಿಕೊಂಡು ಹಂತ ಹಂತವಾಗಿ ಕಟ್ಟೋಣ.

ಹಂತ 1: ದೂರ ಮಾಡುವ ನಿಯಮ ಆರಿಸಿ, ಒಂದೇ ಒಂದು

ಕಾಲಯಾನವೂ ಇದೆ, ಅನ್ಯಗ್ರಹದ ಜೀವಿಗಳೂ ಇದ್ದಾರೆ, ಮನಸ್ಸು ಓದುವ ಯಂತ್ರವೂ ಇದೆ ಅಂದರೆ ಓದುಗರು ಯಾವುದನ್ನೂ ನಂಬುವುದಿಲ್ಲ. ಒಂದು ನಿಯಮ ಸಾಕು. ಅದು ಇಬ್ಬರ ನಡುವೆ ಗೋಡೆ ಕಟ್ಟುವಂಥದ್ದಾಗಿರಬೇಕು. ಹುಡುಕಲು ಶುರು ಮಾಡುವವರಿಗೆ ಕೆಲವು ಜಾಗ ತೋರಿಸುತ್ತೇನೆ.

ಕಾಲದಿಂದ ಶುರು ಮಾಡಬಹುದು. ಐನ್‌ಸ್ಟೈನ್ 1905ರಲ್ಲಿ ತೋರಿಸಿದ ಪ್ರಕಾರ, ವೇಗ ಹೆಚ್ಚಾದಷ್ಟೂ ಪ್ರಯಾಣಿಕರ ಗಡಿಯಾರ ನಮ್ಮದಕ್ಕಿಂತ ನಿಧಾನವಾಗುತ್ತದೆ. ಬೆಳಕಿನ ವೇಗದ ಸುಮಾರು 87%ನಲ್ಲಿ ಹೋದವರಿಗೆ ಒಂದು ವರ್ಷ ಕಳೆದರೆ ಭೂಮಿಯಲ್ಲಿ ಎರಡು ವರ್ಷ ಕಳೆದಿರುತ್ತದೆ. 99%ನಲ್ಲಿ ಹೋದರೆ ಏಳು ವರ್ಷ. ಐದು ವರ್ಷದ ಮಗನನ್ನು ಬಿಟ್ಟುಹೋದ ಅಮ್ಮ ತನ್ನ ಲೆಕ್ಕದಲ್ಲಿ ಒಂದೇ ವರ್ಷಕ್ಕೆ ವಾಪಸ್ ಬಂದರೆ, ಬಾಗಿಲು ತೆರೆಯುವವನು ಹನ್ನೆರಡು ವರ್ಷದ ಹುಡುಗ. ಅವಳು ತಂದಿರುವ ಆಟಿಕೆ ಐದು ವರ್ಷದವನದ್ದು. ನಿಯಮ ಒಂದು ಸಾಲಿನಲ್ಲಿ ಮುಗಿಯಿತು, ಆದರೆ ಕಥೆ ಆಗಲೇ ಶುರುವಾಗಿದೆ ನೋಡಿ.

ನೆನಪಿನಿಂದಲೂ ಶುರು ಮಾಡಬಹುದು. ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರಲ್ಲಿ ಹೊಸ ನೆನಪು ನಿಲ್ಲುತ್ತಿರಲಿಲ್ಲ. ಆದರೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಹೆನ್ರಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತಾ ಹೋಯಿತು. ಹಿಂದೆ ಮಾಡಿದ್ದೆ ಅನ್ನುವುದು ಅವರಿಗೆ ನೆನಪಿರಲಿಲ್ಲ, ಕೈಗೆ ಮಾತ್ರ ಗೊತ್ತಿತ್ತು. ಹೆಂಡತಿಯ ಹೆಸರು ಮರೆತ ಒಬ್ಬ ವ್ಯಕ್ತಿಯ ಕೈ ಅವಳ ಜಡೆ ಹೆಣೆಯುವುದನ್ನು ಮರೆತಿಲ್ಲ ಅನ್ನುವಲ್ಲಿಂದ ಒಂದು ಕಾದಂಬರಿ ಹುಟ್ಟಬಹುದು.

ಮೂರನೆಯದು ದೂರ. ಚಂದ್ರನಿಂದ ರೇಡಿಯೊ ಸಂದೇಶ ಬರಲು ಸುಮಾರು 1.3 ಸೆಕೆಂಡ್. 1977ರಲ್ಲಿ ಹೊರಟ ವಾಯೇಜರ್ 1 ಬಾಹ್ಯಾಕಾಶ ನೌಕೆಯಿಂದ ಬರಲು 22 ಗಂಟೆಗೂ ಜಾಸ್ತಿ. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯಿಂದ 4.24 ವರ್ಷ. ಪ್ರೀತಿಯ ಕಥೆಗೆ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮಂಗಳ ಗ್ರಹದ ದೂರ. ಸಂದೇಶ ಒಂದು ಕಡೆಗೆ ಹೋಗಲು 3ರಿಂದ 22 ನಿಮಿಷ ಹಿಡಿಯುತ್ತದೆ. ಫೋನಿನಲ್ಲಿ ಮಾತಾಡಲು ಆಗದಷ್ಟು ದೂರ, ಆದರೆ ಕಾಗದ ಬರೆದು ಸುಮ್ಮನಾಗಲು ಮನಸ್ಸು ಬಾರದಷ್ಟು ಹತ್ತಿರ. ನಮ್ಮ ಉದಾಹರಣೆಗೆ ಇದನ್ನೇ ಇಟ್ಟುಕೊಳ್ಳೋಣ.

ನಿಯಮ ಆರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಕಥೆಯಿಂದ ಆ ನಿಯಮವನ್ನು ತೆಗೆದುಬಿಡಿ. ಮಂಗಳದ ಬದಲು ಪಕ್ಕದ ಊರು ಅಂತ ಹಾಕಿದರೂ ಅದೇ ಕಥೆ ನಡೆಯುತ್ತದಾ? ನಡೆಯುವುದಾದರೆ ಇನ್ನೊಂದು ನಿಯಮ ಹುಡುಕಿ.

ಹಂತ 2: ನಿಯಮದ ಹಾಳೆ ಬರೆಯಿರಿ

ಒಂದೇ ಹಾಳೆ. ಏನು ಸಾಧ್ಯ, ಏನು ಅಸಾಧ್ಯ, ಅಂಕಿ ಎಷ್ಟು ಅನ್ನುವುದೆಲ್ಲ ಅದರಲ್ಲಿರಲಿ. ಬರೆಯುವಾಗ ಅದು ಮೇಜಿನ ಮೇಲೇ ಇರಬೇಕು. ನಮ್ಮ ಕಾದಂಬರಿಯ ಹಾಳೆ ಹೀಗಿದೆ.

ಮಂಗಳದ ಒಂದು ದಿನ 24 ಗಂಟೆ 39 ನಿಮಿಷ 35 ಸೆಕೆಂಡ್. ಅಂದರೆ ಅಲ್ಲಿನ ಬೆಳಗು ದಿನಾ ಸುಮಾರು 40 ನಿಮಿಷ ಹಿಂದೆ ಬೀಳುತ್ತದೆ. ಎರಡೂ ಕಡೆ ಒಟ್ಟಿಗೇ ಬೆಳಗಾಗುವುದು ಸುಮಾರು 36 ದಿನಕ್ಕೊಮ್ಮೆ. ಗುರುತ್ವ ಭೂಮಿಯ 38%. ಅಲ್ಲಿಗೆ ಹೋಗಲು ಸುಮಾರು ಏಳು ತಿಂಗಳು ಬೇಕು. ಹೊರಡಲು ಒಳ್ಳೆಯ ಸಮಯ 26 ತಿಂಗಳಿಗೊಮ್ಮೆ ಬರುತ್ತದೆ. 26 ತಿಂಗಳಿಗೊಮ್ಮೆಯೇ ಭೂಮಿ ಮತ್ತು ಮಂಗಳದ ನಡುವೆ ಸೂರ್ಯ ಬಂದು ನಿಲ್ಲುತ್ತಾನೆ. ಆಗ ಸಿಗ್ನಲ್ ಕೆಡುವ ಭಯಕ್ಕೆ ಸುಮಾರು ಎರಡು ವಾರ ಮಂಗಳದ ನೌಕೆಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತಾರೆ.

ಈ ಕೊನೆಯ ಸಾಲು ಓದಿದಾಗ ಕಾದಂಬರಿಕಾರರ ಕಿವಿ ನೆಟ್ಟಗಾಗಬೇಕು. ಎರಡು ವಾರದ ಮೌನ! ಅದನ್ನು ನೀವು ಕಲ್ಪಿಸಬೇಕಾಗಿಲ್ಲ, ಆಕಾಶದಲ್ಲೇ ಇದೆ.

ಹಾಳೆಯ ಕೆಳಗೆ ಬಾಗಿಲು ಮುಚ್ಚುವ ಸಾಲುಗಳೂ ಬೇಕು. ಜಾಣ ಓದುಗರು ಕೇಳಿಯೇ ಕೇಳುತ್ತಾರೆ: ಸೂರ್ಯ ಅಡ್ಡ ಬಂದರೆ ಬೇರೆ ಕಡೆ ಒಂದು ಉಪಗ್ರಹ ನಿಲ್ಲಿಸಿ ಅದರ ಮೂಲಕ ಮಾತಾಡಬಹುದಲ್ವಾ? ನಿಮ್ಮ ಕಾದಂಬರಿಯ ಕಾಲದಲ್ಲಿ ಅದಿನ್ನೂ ಇಲ್ಲ ಎಂದು ಮೊದಲ ಐವತ್ತು ಪುಟದೊಳಗೆ ಯಾರ ಬಾಯಲ್ಲಾದರೂ ಒಂದು ಸಾಲು ಹೇಳಿಸಿಬಿಡಿ. ಇನ್ನೂರನೇ ಪುಟದಲ್ಲಿ ಹೇಳಿದರೆ ಅದು ಸಬೂಬು ಅನಿಸುತ್ತದೆ.

ಹಂತ 3: ಇಬ್ಬರಿಗೂ ಕೈತುಂಬ ಕೆಲಸ ಕೊಡಿ

ಪ್ರೀತಿಸುವುದೇ ಕೆಲಸವಾಗಿರುವ ಪಾತ್ರಗಳು ಬೇಗ ಬೇಜಾರು ತರಿಸುತ್ತವೆ. ಒಬ್ಬರು ತಮ್ಮ ಕೆಲಸವನ್ನು ಎಷ್ಟು ಜತನದಿಂದ ಮಾಡುತ್ತಾರೆ ಅನ್ನುವುದರಲ್ಲೇ ಅವರು ಎಂಥವರು ಅಂತ ಗೊತ್ತಾಗುತ್ತದೆ. ಓದುಗರು ಮೊದಲು ಮರುಳಾಗುವುದು ಅದಕ್ಕೇ.

ನಮ್ಮ ನೀಲಾಗೆ 41 ವರ್ಷ. ಮಂಗಳದ ನೆಲೆಯಲ್ಲಿ ನೀರು ಶುದ್ಧಮಾಡುವ ಯಂತ್ರಗಳನ್ನು ನೋಡಿಕೊಳ್ಳುತ್ತಾಳೆ. ಆರು ಜನರ ನೆಲೆ ಅದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಈಗಾಗಲೇ ಉಸಿರಿನ ತೇವ, ಬೆವರು, ಮೂತ್ರ ಎಲ್ಲದರಿಂದ ಸುಮಾರು 98% ನೀರನ್ನು ವಾಪಸ್ ಪಡೆಯುತ್ತಾರೆ. ನೀಲಾಳ ಯಂತ್ರವೂ ಅಂಥದ್ದೇ. ಇದರ ಅರ್ಥ ಏನು ಯೋಚಿಸಿ. ಆ ನೆಲೆಯಲ್ಲಿ ಒಬ್ಬರು ರಾತ್ರಿ ಅತ್ತರೆ ಅದರ ತೇವವೂ ಗಾಳಿಗೆ ಸೇರಿ, ಯಂತ್ರಕ್ಕೆ ಹೋಗಿ, ಎಲ್ಲರ ಲೋಟಕ್ಕೆ ಬರುತ್ತದೆ. ಆರು ಜನ ಪರಸ್ಪರರ ಉಸಿರನ್ನೇ ಕುಡಿದು ಬದುಕುತ್ತಿದ್ದಾರೆ. ಇದನ್ನು ನೀವು ಕಾವ್ಯಮಯವಾಗಿ ಬರೆಯಲೇಬೇಕಿಲ್ಲ. ನೀಲಾ ಫಿಲ್ಟರ್ ಬಿಚ್ಚಿ ತೊಳೆಯುವುದನ್ನು ಸರಿಯಾಗಿ ಬರೆದರೆ ಸಾಕು, ಉಳಿದದ್ದನ್ನು ಓದುಗರು ತಾವೇ ನೋಡಿಕೊಳ್ಳುತ್ತಾರೆ.

ಸುಧೀರನಿಗೆ 46. ಭೂಮಿಯ ಕಂಟ್ರೋಲ್ ರೂಮಿನಲ್ಲಿ ಕೂತು ಆ ಯಂತ್ರಗಳ ಸದ್ದಿನ ರೆಕಾರ್ಡಿಂಗ್ ಕೇಳುತ್ತಾನೆ. ಸದ್ದು ಕೇಳಿಯೇ ಯಾವ ಪಂಪಿನ ಬೇರಿಂಗ್ ಸವೆದಿದೆ ಅಂತ ಹೇಳಬಲ್ಲ. ಇದು ತೀರಾ ಕಲ್ಪನೆ ಏನಲ್ಲ. 2021ರಲ್ಲಿ ಮಂಗಳಕ್ಕೆ ಇಳಿದ ಪರ್ಸಿವಿಯರೆನ್ಸ್ ರೋವರ್‌ನಲ್ಲಿ ಮೈಕ್ರೊಫೋನ್ ಇದೆ. ಅಲ್ಲಿನ ಗಾಳಿಯ ಸದ್ದು, ರೋವರ್ ಚಕ್ರದ ಕಿರಗುಟ್ಟುವಿಕೆ ಎಲ್ಲ ಭೂಮಿಗೆ ಕೇಳಿಸಿದೆ.

ಇಬ್ಬರಿಗೂ ಇಷ್ಟು ಕೆಲಸ ಕೊಟ್ಟ ಮೇಲೆ ಒಂದೊಂದು ಕೊರತೆ ಕೊಡಿ. ದೊಡ್ಡ ದುರಂತವೇ ಬೇಕು ಅಂತಿಲ್ಲ. ನೀಲಾಗೆ ಯಾರ ಹತ್ತಿರವೂ ಸಹಾಯ ಕೇಳಿ ಅಭ್ಯಾಸವಿಲ್ಲ. ಸುಧೀರ ಎಲ್ಲರ ಮಾತು ಕೇಳುತ್ತಾನೆ, ತನ್ನದನ್ನು ಹೇಳುವುದಿಲ್ಲ. ಸಾಕು.

ಹಂತ 4: ಪ್ರೀತಿ ಓಡಾಡಲು ಒಂದು ಕಳ್ಳದಾರಿ ಹುಡುಕಿ

ನಿಯಮ ಕಟ್ಟಿದ ಗೋಡೆಯಲ್ಲಿ ಒಂದು ಸಣ್ಣ ಬಿರುಕಿರಬೇಕು. ಯಾವುದೋ ಕೆಲಸಕ್ಕೆಂದು ಇಟ್ಟ ದಾರಿಯಲ್ಲಿ ಪ್ರೀತಿ ನುಸುಳಿ ಬರಬೇಕು.

ಎಂದಾದರೂ ಅನ್ಯಗ್ರಹದ ಜೀವಿಗಳಿಗೆ ಸಿಗಲಿ ಅಂತ ವಾಯೇಜರ್ ನೌಕೆಗಳಲ್ಲಿ ಇಟ್ಟು ಕಳಿಸಿದ ಚಿನ್ನದ ಧ್ವನಿತಟ್ಟೆಯ ಕಥೆ ಇದಕ್ಕೆ ಒಳ್ಳೆಯ ಪಾಠ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಸೇರಿದಂತೆ. ಅದೇ ತಟ್ಟೆಯಲ್ಲಿ ಒಬ್ಬ ಮನುಷ್ಯಜೀವಿಯ ಮೆದುಳು ಮತ್ತು ಹೃದಯದ ಅಲೆಗಳ ರೆಕಾರ್ಡಿಂಗ್ ಕೂಡ ಇದೆ. ಆ ಅಲೆಗಳು ಆ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದ ಆನ್ ಡ್ರೂಯನ್ ಅವರದ್ದು. ರೆಕಾರ್ಡಿಂಗ್‌ಗೆ ಸ್ವಲ್ಪ ದಿನ ಮುಂಚೆಯಷ್ಟೇ ಅವರು ಮತ್ತು ಖಗೋಳವಿಜ್ಞಾನಿ ಕಾರ್ಲ್ ಸಾಗನ್ ಮದುವೆಯಾಗಲು ನಿರ್ಧರಿಸಿದ್ದರು. ರೆಕಾರ್ಡಿಂಗ್ ನಡೆಯುವಾಗ ಆನ್ ಮನಸ್ಸಿಗೆ ತಂದುಕೊಂಡ ವಿಷಯಗಳಲ್ಲಿ ಆ ಹೊಸ ಪ್ರೀತಿಯೂ ಒಂದು. ನೋಡುವವರಿಗೆ ಅದು ಬರೀ ಅಂಕಿಅಂಶ. ಒಳಗೆ ಏನಿದೆ ಅನ್ನುವುದು ಗೊತ್ತಿದ್ದವರಿಗೆ ಗೊತ್ತು.

ನಮ್ಮ ಕಾದಂಬರಿಯ ಕಳ್ಳದಾರಿ ಪಂಪಿನ ರೆಕಾರ್ಡಿಂಗ್. ನೀಲಾ ಕೆಲಸ ಮಾಡುವಾಗ ಗುನುಗುತ್ತಾಳೆ. ಅದು ರೆಕಾರ್ಡ್ ಆಗುತ್ತಿದೆ ಅನ್ನುವುದು ಅವಳಿಗೆ ಹೊಳೆದಿಲ್ಲ. ಸುಧೀರನಿಗೆ ಪಂಪಿನ ಸದ್ದಿನ ಹಿಂದೆ ಆ ಗುನುಗು ಕೇಳುತ್ತದೆ.

ಇಲ್ಲಿ ಒಂದು ಎಚ್ಚರ. ಅವನು ತಿಂಗಳುಗಟ್ಟಲೆ ಹೇಳದೆ ಕೇಳುತ್ತಿದ್ದರೆ ಓದುಗರಿಗೆ, ಅದರಲ್ಲೂ ಹೆಂಗಸರಿಗೆ, ಕಸಿವಿಸಿ ಆಗುತ್ತದೆ. ಆಗಬೇಕಾದ್ದೇ. ಕದ್ದು ಕೇಳುವುದು ಪ್ರೀತಿಯ ಗುರುತಲ್ಲ. ಹಾಗಾಗಿ ಮೊದಲ ವಾರದಲ್ಲೇ ಅವನು ಹೇಳಿಬಿಡಬೇಕು, ಹೇಳುವ ರೀತಿಯಲ್ಲಿ ಅವಳಿಗೆ ಮೈಕ್ ಆಫ್ ಮಾಡುವ ಅವಕಾಶವೂ ಇರಬೇಕು. ಅವಳು ಆಫ್ ಮಾಡದೆ ಇರುವುದೇ ಕಥೆಯ ಮೊದಲ ದೊಡ್ಡ ತಿರುವು.

ಹಂತ 5: ಕಥೆಯ ಏರಿಳಿತವನ್ನು ನಿಯಮದ ಕ್ಯಾಲೆಂಡರಿಗೆ ಕಟ್ಟಿ

ಕಥೆ ಹೇಗೆ ಮುಂದುವರಿಸಲಿ ಅಂತ ತಲೆ ಕೆಡಿಸಿಕೊಳ್ಳುವ ಬದಲು ನಿಯಮದ ಹಾಳೆ ನೋಡಿ. ಕಥೆಯ ಅಸ್ಥಿಪಂಜರ ಅಲ್ಲೇ ಇರುತ್ತದೆ.

ಪರ್ಸಿವಿಯರೆನ್ಸ್ ಇಳಿದ ದಿನ ಸಿಗ್ನಲ್ ಬರಲು ಸುಮಾರು 11 ನಿಮಿಷ ಹಿಡಿದಿತ್ತು. ನೀಲಾ ಇಳಿಯುವಾಗಲೂ ಅಷ್ಟೇ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಎರಡು ಗ್ರಹಗಳೂ ದೂರ ಸರಿಯುತ್ತಾ ಹೋಗುತ್ತವೆ. ಮೊದಲ ಎಂಟು ತಿಂಗಳು ಆ 11 ನಿಮಿಷ 12 ಆಗಿ, 15 ಆಗಿ, 20 ದಾಟುತ್ತದೆ. ಅಂದರೆ ಇವರಿಬ್ಬರ ಪರಿಚಯ ಹೆಚ್ಚಾಗುತ್ತಿದ್ದಂತೆ ಉತ್ತರಕ್ಕೆ ಕಾಯುವ ಹೊತ್ತೂ ಹೆಚ್ಚಾಗುತ್ತದೆ. ಮನಸ್ಸು ಒಂದು ಕಡೆ, ಆಕಾಶ ಇನ್ನೊಂದು ಕಡೆ ಎಳೆಯುತ್ತದೆ. ಇದು ಕಾದಂಬರಿಯ ಮೊದಲರ್ಧ.

ಎಂಟನೇ ತಿಂಗಳಲ್ಲಿ ಸೂರ್ಯ ಅಡ್ಡ ಬರುತ್ತಾನೆ. ಎರಡು ವಾರದ ಮೌನ. ಇದು ನಟ್ಟನಡುವೆ ಬರಲಿ. ಈ ಹದಿನಾಲ್ಕು ದಿನಗಳಿಗೆ ಧಾರಾಳವಾಗಿ ಪುಟ ಕೊಡಿ, ಯಾಕೆಂದರೆ ಇಬ್ಬರಿಗೂ ತಮ್ಮ ಮನಸ್ಸು ಗೊತ್ತಾಗುವುದು ಇಲ್ಲೇ. ಇದೇ ಹೊತ್ತಿಗೆ ನೆಲೆಯಲ್ಲಿ ಪಂಪ್ 3 ಕೈಕೊಡಲಿ. ಸಹಾಯ ಕೇಳಲು ಸುಧೀರ ಇಲ್ಲ. ಯಾರನ್ನೂ ಕೇಳಿ ಅಭ್ಯಾಸವಿಲ್ಲದ ನೀಲಾ ಈಗ ಪಕ್ಕದಲ್ಲಿರುವ ಐದು ಜನರ ಬಾಗಿಲು ತಟ್ಟಬೇಕು. ಅವಳಲ್ಲಿ ಬದಲಾವಣೆ ತಂದದ್ದು ದೂರದಲ್ಲಿರುವವನ ಸ್ನೇಹ, ಅದರ ಫಲ ಸಿಗುವುದು ಹತ್ತಿರದಲ್ಲಿರುವವರಿಗೆ. ಪ್ರೇಮಕಥೆಯನ್ನು ಮನುಷ್ಯ ಸಂಬಂಧದ ಕಥೆಯಾಗಿ ದೊಡ್ಡದು ಮಾಡುವ ಜಾಗ ಇದು. ಇಲ್ಲಿ ಆತುರ ಬೇಡ.

ಮೌನ ಮುಗಿದ ಮೇಲೆ ದೂರ ಕಡಿಮೆಯಾಗಲು ಶುರುವಾಗುತ್ತದೆ. ಇಳಿದು ಸುಮಾರು 16 ತಿಂಗಳಿಗೆ ವಾಪಸ್ ಹೊರಡುವ ಅವಕಾಶ ಬರುತ್ತದೆ. ಹೋಗಬೇಕಾ, ಇನ್ನೂ 26 ತಿಂಗಳು ಇರಬೇಕಾ ಅನ್ನುವ ಆಯ್ಕೆ ನೀಲಾಳ ಮುಂದಿರಲಿ. ಆಯ್ಕೆಗೆ ಎರಡೂ ಕಡೆ ತೂಕ ಬೇಕು. ನೆಲೆಯಲ್ಲಿ ಅವಳು ಕಟ್ಟಿದ ಬದುಕು ನಿಜವಾಗಿಯೂ ಒಳ್ಳೆಯದಾಗಿದ್ದರೆ ಮಾತ್ರ ಅವಳು ಹೊರಡುವುದಕ್ಕೆ ಬೆಲೆ.

ನೀವು ಬೇರೆ ನಿಯಮ ಆರಿಸಿದ್ದರೆ ಇದನ್ನೇ ಮಾಡಿ. ನೆನಪು ಅಳಿಸುವ ಕಾಯಿಲೆಯಾದರೆ ಯಾವ ತಿಂಗಳು ಏನು ಹೋಗುತ್ತದೆ ಅಂತ ಮೊದಲೇ ಬರೆದಿಡಿ. ಕಾಲದ ಕಥೆಯಾದರೆ ಎರಡು ಗಡಿಯಾರಗಳ ಪಟ್ಟಿ ಮಾಡಿ.

ಹಂತ 6: ಮಾತುಕತೆಯನ್ನು ನಿಯಮಕ್ಕೆ ಬಗ್ಗಿಸಿ

ಈ ಹಂತದಲ್ಲೇ ಕಾದಂಬರಿ ಬೇರೆ ಎಲ್ಲದಕ್ಕಿಂತ ಬೇರೆಯಾಗುವುದು. 12 ನಿಮಿಷ ತಡವಾಗಿ ತಲುಪುವ ಮಾತು ಮಾಮೂಲಿ ಸಂಭಾಷಣೆಯ ಹಾಗೆ ಇರಲು ಸಾಧ್ಯವೇ ಇಲ್ಲ. ಮಾತುಗಳು ದಾರಿಯಲ್ಲೇ ಅಡ್ಡ ಹಾಯುತ್ತವೆ. ಸುಧೀರನ ಗಡಿಯಾರದ ಪ್ರಕಾರ ಒಂದು ತುಣುಕು ಬರೆದು ನೋಡೋಣ.

10:00, ಸುಧೀರ: ಬೇರಿಂಗ್ ಬದಲಾಯಿಸಿದ್ರಾ?
10:05, ಸುಧೀರ: ಅದು ಬಿಡಿ. ಇವತ್ತಿನ ರೆಕಾರ್ಡಿಂಗ್‌ನಲ್ಲಿ ಹಾಡೇ ಇಲ್ಲ. ಏನಾಯ್ತು?
10:24, ನೀಲಾ: ಬದಲಾಯಿಸಿದೆ. ಈಗ ಎಷ್ಟು ನಿಶ್ಶಬ್ದ ಅಂದ್ರೆ ನಿದ್ದೆ ಬರ್ತಿಲ್ಲ.
10:26, ಸುಧೀರ: ಹಳೇ ಬೇರಿಂಗ್ ಸದ್ದು ನನ್ನ ಹತ್ರ ಇದೆ. ಕಳಿಸ್ಲಾ?
10:29, ನೀಲಾ: ಏನಿಲ್ಲ. ಸುಮ್ನೆ.
10:40, ನೀಲಾ: ಏನಿಲ್ಲ ಅಂದದ್ದು ಸುಳ್ಳು.
10:50, ನೀಲಾ: ಕಳಿಸಿ.

ಸಮಯ ಲೆಕ್ಕ ಹಾಕಿ ನೋಡಿ. "ಏನಿಲ್ಲ" ಅಂದ ಮೇಲೆ ಅವಳು 11 ನಿಮಿಷ ಒಬ್ಬಳೇ ಕೂತಿದ್ದಾಳೆ. ಅಷ್ಟರಲ್ಲಿ ಅವಳ ಉತ್ತರ ಇನ್ನೂ ಅವನನ್ನು ಮುಟ್ಟಿರಲೇ ಇಲ್ಲ. ಯಾರೂ ಒತ್ತಾಯ ಮಾಡದೆ, ತಾನಾಗಿಯೇ ನಿಜ ಹೇಳಿದಳು. ಎದುರಾಬದುರು ಕೂತಿದ್ದರೆ ಅವನು "ಇಲ್ಲ, ಹೇಳಿ" ಅಂತ ಕೇಳುತ್ತಿದ್ದ, ಅವಳು ಇನ್ನಷ್ಟು ಮುಚ್ಚಿಕೊಳ್ಳುತ್ತಿದ್ದಳು. ದೂರ ಮಾಡಿದ ನಿಯಮವೇ ಇಲ್ಲಿ ಅವಳಿಗೆ ಬಾಯಿ ಕೊಟ್ಟಿತು. ಇಂಥ ಜಾಗಗಳು ಪ್ರತಿ ಅಧ್ಯಾಯದಲ್ಲೂ ಒಂದಾದರೂ ಸಿಗುವಂತೆ ನೋಡಿಕೊಳ್ಳಿ. ಬರೆಯುವಾಗ ಎರಡು ಕಾಲಂ ಮಾಡಿ, ಕಳಿಸಿದ ಹೊತ್ತು ಮತ್ತು ತಲುಪಿದ ಹೊತ್ತು ಹಾಕಿಕೊಂಡರೆ ತಪ್ಪಾಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಭಾಗ್ಯ ಇದೆ, "ನೀವು" "ನೀನು" ಆಗುವ ಕ್ಷಣ. ಮೌನ ಶುರುವಾಗುವ ಮುಂಚಿನ ಕೊನೆಯ ಸಂದೇಶದಲ್ಲಿ ನೀಲಾ ಮೊದಲ ಸಲ "ನೀನು ಊಟ ಮಾಡು" ಅಂತ ಬರೆಯುತ್ತಾಳೆ. ಆಗ ಒಂದು ಕಡೆಗೆ 21 ನಿಮಿಷ. ಅವನು ತಕ್ಷಣ ಉತ್ತರ ಕೊಟ್ಟರೂ 42 ನಿಮಿಷ ಬೇಕು. ಆದರೆ ಸಂಪರ್ಕ ನಿಲ್ಲಲು ಉಳಿದಿರುವುದು ಅರ್ಧ ಗಂಟೆ. ಅವನಿಗೆ ಅದು ತಲುಪುತ್ತದೆ. ಅವನ ಉತ್ತರದಲ್ಲಿ "ನೀನು" ಇದೆಯಾ, "ನೀವು" ಇದೆಯಾ ಅನ್ನುವುದು ಅವಳಿಗೆ ಗೊತ್ತಾಗಲು ಎರಡು ವಾರ ಬೇಕು. ಪ್ರೀತಿ ಅನ್ನುವ ಪದವನ್ನೇ ಬಳಸದೆ ಕಾದಂಬರಿಯ ಅತ್ಯಂತ ತೀವ್ರವಾದ ಕಾಯುವಿಕೆ ಸಿದ್ಧವಾಯಿತು.

ಹಂತ 7: ಭಾವನೆಯ ಹೆಸರು ಹೇಳಬೇಡಿ, ಕೈ ಏನು ಮಾಡಿತು ಹೇಳಿ

ಸುಧೀರ ಹಾಡಿನ ವಿಷಯ ತಿಳಿಸುವ ದೃಶ್ಯವನ್ನು ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಹೀಗೆ ಬರೆಯುತ್ತೇವೆ:

"ನೀಲಾಳನ್ನು ಒಂಟಿತನ ಕಾಡುತ್ತಿತ್ತು. ಸುಧೀರನ ವರದಿ ಓದಿ ಅವಳ ಹೃದಯ ತುಂಬಿ ಬಂತು. ಕೋಟ್ಯಂತರ ಕಿಲೋಮೀಟರ್ ದೂರದಲ್ಲಿ ತನಗಾಗಿ ಮಿಡಿಯುವ ಜೀವವೊಂದಿದೆ ಎಂದು ಅನಿಸಿ ಕಣ್ಣು ಒದ್ದೆಯಾಯಿತು."

ತಿದ್ದಿದ ಮೇಲೆ:

"ವರದಿಯಲ್ಲಿ ನಾಲ್ಕು ಸಾಲಿತ್ತು. ಪಂಪ್ 1 ಸರಿ ಇದೆ. ಪಂಪ್ 2 ಸರಿ ಇದೆ. ಪಂಪ್ 3ರ ಬೇರಿಂಗ್ ಸ್ವಲ್ಪ ಸವೆದಿದೆ, ಇನ್ನೊಂದು ತಿಂಗಳು ನಡೆಯುತ್ತದೆ. ನಾಲ್ಕನೇ ಸಾಲು: ಮೈಕಿಗೆ ಹಾಡೂ ಕೇಳಿಸುತ್ತಿದೆ, ನಿಮಗೆ ತಿಳಿದಿರಲಿ ಅಂತ ಹೇಳಿದೆ. ಬೇಡ ಅನಿಸಿದರೆ ಸ್ವಿಚ್ ಎಡಗಡೆ ಇದೆ. ಎರಡನೇ ಚರಣ ಮಾತ್ರ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತಿದೆ.

ನೀಲಾ ಸ್ಕ್ರೀನ್ ಆಫ್ ಮಾಡಿದಳು. ಮತ್ತೆ ಆನ್ ಮಾಡಿದಳು. ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ತಿರುಗಿ ನೋಡಿದಳು. ಪಂಪ್ 3ರ ಹತ್ತಿರ ಹೋಗಿ ಸ್ವಿಚ್ ಮೇಲೆ ಬೆರಳಿಟ್ಟಳು. ಸ್ವಲ್ಪ ಹೊತ್ತು ಹಾಗೇ ಇದ್ದು, ಕೈ ತೆಗೆದು, ಮೈಕಿನ ಮೇಲೆ ಕೂತಿದ್ದ ಧೂಳು ಒರೆಸಿದಳು."

ಎರಡನೆಯದರಲ್ಲಿ ಒಂಟಿತನ, ಹೃದಯ, ಕಣ್ಣೀರು ಯಾವುದೂ ಇಲ್ಲ. ಧೂಳು ಒರೆಸಿದ್ದಷ್ಟೇ ಇದೆ. ಕರಡು ಮುಗಿದ ಮೇಲೆ ಭಾವನೆಯ ಹೆಸರು ಬಂದ ಕಡೆಯಲ್ಲೆಲ್ಲ ಗೆರೆ ಎಳೆಯಿರಿ. ಹತ್ತರಲ್ಲಿ ಎಂಟನ್ನು ತೆಗೆದು ಅಲ್ಲಿ ಒಂದು ಕ್ರಿಯೆ ಇಡಿ. ಎರಡನ್ನು ಬಿಡಿ, ಯಾಕೆಂದರೆ ಕೆಲವೊಮ್ಮೆ ನೇರವಾಗಿ ಹೇಳಿಬಿಡುವುದೂ ಒಂದು ಧೈರ್ಯ.

ಅಳುವಿನ ಬಗ್ಗೆ ಬರೆಯುವುದಾದರೆ ವಿಜ್ಞಾನ ಸರಿಯಾಗಿರಲಿ. ಕಕ್ಷೆಯಲ್ಲಿ ಸುತ್ತುವ ನಿಲ್ದಾಣದಲ್ಲಿ ಕಣ್ಣೀರು ಕೆನ್ನೆ ಮೇಲೆ ಇಳಿಯುವುದಿಲ್ಲ, ಕಣ್ಣಿಗೇ ನೀರಿನ ಗುಳ್ಳೆಯಾಗಿ ಅಂಟಿಕೊಳ್ಳುತ್ತದೆ. ಮಂಗಳದಲ್ಲಿ ಗುರುತ್ವ ಇರುವುದರಿಂದ ಇಳಿಯುತ್ತದೆ, ನಮ್ಮಲ್ಲಿಗಿಂತ ನಿಧಾನವಾಗಿ.

ಹಂತ 8: ವಿಜ್ಞಾನವನ್ನು ಪಾಠ ಮಾಡಬೇಡಿ

ಒಂದು ನಿಯಮವನ್ನು ಕಾದಂಬರಿಯಲ್ಲಿ ಒಂದು ಸಲ ಮಾತ್ರ ವಿವರಿಸಿ, ಅದೂ ಅದು ಗೊತ್ತಿಲ್ಲದ ಒಬ್ಬರಿಗೆ. ನಮ್ಮ ಕಥೆಯಲ್ಲಿ ಸುಧೀರನ ಜೊತೆ ಇರುವ ಅಕ್ಕನ ಮಗಳು ಕೇಳಲಿ: "ಮಾಮ, ಅವ್ರಿಗೆ ಈಗ ಬೆಳಗ್ಗೆನಾ?" ಅವನು ಎರಡು ಸಾಲಿನಲ್ಲಿ ಉತ್ತರ ಕೊಡುತ್ತಾನೆ. ಆಮೇಲೆ ಅವಳೇ ಒಂದು ಗಡಿಯಾರವನ್ನು ದಿನಾ 40 ನಿಮಿಷ ಹಿಂದೆ ತಿರುಗಿಸಲು ಶುರು ಮಾಡುತ್ತಾಳೆ.

ಇದಕ್ಕೆ ನಿಜಜೀವನದ ಬೆಂಬಲ ಇದೆ. ಕ್ಯೂರಿಯಾಸಿಟಿ ರೋವರ್ 2012ರ ಆಗಸ್ಟಿನಲ್ಲಿ ಮಂಗಳಕ್ಕೆ ಇಳಿದಾಗ ಅದರ ತಂಡ ಮಂಗಳದ ದಿನದ ಲೆಕ್ಕದಲ್ಲಿ ಕೆಲಸ ಮಾಡಬೇಕಿತ್ತು. ಫ್ಲೈಟ್ ಡೈರೆಕ್ಟರ್ ಡೇವಿಡ್ ಓ ಅವರ ಹೆಂಡತಿ ಮತ್ತು ಮೂವರು ಮಕ್ಕಳು ಸುಮಾರು ಒಂದು ತಿಂಗಳು ತಾವೂ ಮಂಗಳದ ಸಮಯದಲ್ಲೇ ಬದುಕಿದರು. ನಡುರಾತ್ರಿ ಊಟ, ಹಗಲಲ್ಲಿ ನಿದ್ದೆ. ಅಪ್ಪನ ಜೊತೆ ಇರಬೇಕು ಅಂತ ಇಡೀ ಮನೆ ಬೇರೆ ಗ್ರಹದ ಗಡಿಯಾರಕ್ಕೆ ಬದಲಾಯಿತು. ಮನಸ್ಸು ಮುಟ್ಟುವ ವೈಜ್ಞಾನಿಕ ಕಥೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಮನೆಯನ್ನೇ ತೋರಿಸುತ್ತೇನೆ.

ಹಂತ 9: ಯಂತ್ರ ಪಾತ್ರವಾಗುವುದಾದರೆ ಅದಕ್ಕೂ ಮಿತಿ ಇರಲಿ

ಮಾತಾಡುವ ಕಂಪ್ಯೂಟರ್ ಅಥವಾ ರೋಬೋ ಇದ್ದರೆ ಅದನ್ನು ಎಲ್ಲ ತಿಳಿದ ಅಜ್ಜಿಯ ಹಾಗೆ ಮಾಡಬೇಡಿ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಪ್ರೋಗ್ರಾಂ ಬಗ್ಗೆ ಪ್ರಕಟಿಸಿದರು. ಅದು ಮಾಡುತ್ತಿದ್ದದ್ದು ಜನರ ಮಾತನ್ನೇ ಸ್ವಲ್ಪ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು ಮಾತ್ರ. ಅದನ್ನು ಬರೆಯುವುದನ್ನು ಕಣ್ಣಾರೆ ನೋಡಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ಮಾತಾಡುವಾಗ ವೈಜೆನ್‌ಬಾಮ್ ಅವರನ್ನು ಕೋಣೆಯಿಂದ ಹೊರಗೆ ಹೋಗಲು ಹೇಳಿದರು. ಕೇಳಿಸಿಕೊಳ್ಳುವವರು ಬೇಕು ಅನ್ನುವ ಹಸಿವು ಎಷ್ಟು ದೊಡ್ಡದು ಅಲ್ವಾ?

ಯಂತ್ರದ ಪಾತ್ರ ಬರೆಯುವಾಗ ಆ ಹಸಿವಿನ ಕಡೆ ಗಮನ ಕೊಡಿ. ಯಂತ್ರಕ್ಕೆ ಗೊತ್ತಿಲ್ಲದ್ದು, ಆಗದ್ದು ಯಾವುದು ಅಂತ ಮೊದಲೇ ನಿರ್ಧರಿಸಿ. ಅದು ಕೊನೆಯವರೆಗೂ ಅದಕ್ಕೆ ಆಗದೇ ಇರಲಿ.

ಹಂತ 10: ಕೊನೆಯನ್ನು ನಿಯಮದೊಳಗೇ ಹುಡುಕಿ

ಕೊನೆಯ ಅಧ್ಯಾಯದಲ್ಲಿ ಬೆಳಕಿಗಿಂತ ವೇಗದ ಫೋನ್ ಕಂಡುಹಿಡಿದುಬಿಟ್ಟರೆ ಮುನ್ನೂರು ಪುಟ ಕಾದವರಿಗೆ ಮೋಸ ಮಾಡಿದ ಹಾಗೆ. ನಿಯಮ ಮುರಿಯಬಾರದು. ಪಾತ್ರಗಳು ಅದರ ಕೊನೆಯ ಅಂಚಿಗೆ ಹೋಗಬೇಕು.

ನೀಲಾ ವಾಪಸ್ ಹೊರಟಳು ಅಂತ ಇಟ್ಟುಕೊಳ್ಳಿ. ನೌಕೆ ಹತ್ತಿರ ಬರುತ್ತಿದ್ದಂತೆ ದಿನದಿಂದ ದಿನಕ್ಕೆ ತಡ ಕಡಿಮೆಯಾಗುತ್ತದೆ. ನಾಲ್ಕು ನಿಮಿಷ, ಒಂದು ನಿಮಿಷ, ಹತ್ತು ಸೆಕೆಂಡ್. ಚಂದ್ರನಷ್ಟು ದೂರಕ್ಕೆ ಬಂದಾಗ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಎರಡು ವರ್ಷದ ಪರಿಚಯದಲ್ಲಿ ಮೊದಲ ಸಲ ಅವರು ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಬಾಯಿ ಹಾಕಬಹುದು. ಇಬ್ಬರೂ ಒಟ್ಟಿಗೇ ಶುರು ಮಾಡುತ್ತಾರೆ. ಇಬ್ಬರೂ ಒಟ್ಟಿಗೇ ನಿಲ್ಲಿಸುತ್ತಾರೆ. "ನೀನು ಹೇಳು" ಅಂತ ಇಬ್ಬರೂ ಒಟ್ಟಿಗೇ ಹೇಳುತ್ತಾರೆ. ಭೇಟಿಯ ದೃಶ್ಯ ಬರೆಯದೆ ಇಲ್ಲೇ ಮುಗಿಸಿದರೂ ನಡೆಯುತ್ತದೆ. ನಾನಾದರೆ ಇಲ್ಲೇ ಮುಗಿಸುತ್ತೇನೆ.

ದುಃಖದ ಕೊನೆಯೂ ಬೆಚ್ಚಗಿರಬಹುದು. ಅವಳು ಅಲ್ಲೇ ಉಳಿದರೂ, ಆ ಐದು ಜನರ ಜೊತೆಗಿನ ಬದುಕು ತುಂಬಿದ್ದರೆ, ಓದುಗರು ಅಳುತ್ತಾ ಒಪ್ಪುತ್ತಾರೆ. ಯಾವುದೇ ಕೊನೆಯಾದರೂ ಆಯ್ಕೆ ಪಾತ್ರದ್ದಾಗಿರಲಿ, ಅಪಘಾತದ್ದಲ್ಲ.

ಹಂತ 11: ಬರೆದು ಮುಗಿಸಿ, ಆಮೇಲೆ ತಿದ್ದಿ

ಮೊದಲ ಕಾದಂಬರಿಗೆ 40ರಿಂದ 50 ಸಾವಿರ ಪದ ಧಾರಾಳ ಸಾಕು. ಕರಡು ಮುಗಿಯುವವರೆಗೆ ಹಿಂದೆ ತಿರುಗಿ ತಿದ್ದಬೇಡಿ. ಲೆಕ್ಕದಲ್ಲಿ ಅನುಮಾನ ಬಂದರೆ ಪಕ್ಕದಲ್ಲಿ ಗುರುತು ಹಾಕಿ ಮುಂದೆ ಹೋಗಿ.

ತಿದ್ದುವಾಗ ಮೂರು ಸಲ ಬೇರೆ ಬೇರೆ ಕಣ್ಣಿನಿಂದ ಓದಿ. ಮೊದಲು ನಿಯಮದ ಹಾಳೆ ಹಿಡಿದುಕೊಂಡು ಅಂಕಿ ಮಾತ್ರ ನೋಡಿ. ಎಂಟನೇ ತಿಂಗಳಲ್ಲಿ 21 ನಿಮಿಷ ಅಂದವರು ಮುಂದಿನ ಪುಟದಲ್ಲಿ ತಕ್ಷಣ ಉತ್ತರ ಬಂತು ಅಂತ ಬರೆದಿರುತ್ತೀರಿ. ಆಮೇಲೆ ಭಾವನೆಯ ಹೆಸರುಗಳನ್ನು ಹುಡುಕಿ. ಕೊನೆಗೆ ಮಾತುಕತೆಗಳನ್ನಷ್ಟೇ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ವಾಕ್ಯ ಒಡೆಯಿರಿ.

ನಂತರ ಇಬ್ಬರಿಗೆ ಓದಲು ಕೊಡಿ. ಒಬ್ಬರಿಗೆ ವಿಜ್ಞಾನ ಚೆನ್ನಾಗಿ ಗೊತ್ತಿರಬೇಕು, ಇನ್ನೊಬ್ಬರು ವೈಜ್ಞಾನಿಕ ಕಥೆ ಎಂದೂ ಮುಟ್ಟದ, ಪ್ರೇಮಕಥೆ ಮಾತ್ರ ಓದುವವರಾಗಿರಬೇಕು. "ಹೇಗಿದೆ?" ಅಂತ ಕೇಳಬೇಡಿ, ಚೆನ್ನಾಗಿದೆ ಅಂತಾರೆ ಅಷ್ಟೇ. ಮೊದಲನೆಯವರಿಗೆ, ಯಾವ ಪುಟದಲ್ಲಿ ನಂಬಿಕೆ ಹೋಯಿತು ಅಂತ ಕೇಳಿ. ಎರಡನೆಯವರಿಗೆ, ಎಲ್ಲಿ ಪುಟ ಹಾರಿಸಿದಿರಿ ಅಂತ ಕೇಳಿ. ಇಬ್ಬರೂ ಒಂದೇ ಜಾಗ ತೋರಿಸಿದರೆ ಆ ಜಾಗ ಬಿಟ್ಟು ಅದರ ಹಿಂದಿನ ಎರಡು ದೃಶ್ಯ ನೋಡಿ. ತೊಂದರೆ ಹೆಚ್ಚಾಗಿ ಅಲ್ಲಿಂದಲೇ ಶುರುವಾಗಿರುತ್ತದೆ. ಅದನ್ನು ಮೊದಲು ಸರಿಮಾಡಿ, ಉಳಿದದ್ದು ಆಮೇಲೆ.